ಎಲ್ಲ ತಾಯಂದಿರೂ ಆರೇ ತಿಂಗಳು ಹಾಲೂಡಿಸಿದ ಆಸ್ಪತ್ರೆ

ಮಕ್ಕಳ ಉಸಿರಾಟದ ಕಾಯಿಲೆಗಳ ಕ್ಷೇತ್ರದಲ್ಲಿ ಸ್ಟೆತೊಸ್ಕೋಪಿಗಿಂತ ಮೊದಲು ತಮ್ಮ ಕಿವಿಯನ್ನೂ, ಔಷಧದ ಚೀಟಿಗಿಂತ ಮೊದಲು ತಾಯಿಯ ಮಾತನ್ನೂ ನಂಬಿದ ವೈದ್ಯರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರಾದ ನಮ್ಮ ಮೇಡಂ ಮೂವತ್ತಮೂರು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಪಾಂಡಿತ್ಯವನ್ನು ಕುರಿತು ಉಳಿದ ಶಿಷ್ಯರೆಲ್ಲ ಬರೆದಿರುವುದರಿಂದ, ಸತ್ಯ ಹೇಳುವ ಭಾರ ನನ್ನ ತಲೆಗೆ ಬಿದ್ದಿದೆ.

ನಾನು ಅವರ ವಿಭಾಗಕ್ಕೆ ವಿದ್ಯಾರ್ಥಿಯಾಗಿ ಸೇರಿದಾಗ ನನ್ನಲ್ಲಿದ್ದ ಏಕೈಕ ವಿದ್ಯೆ ಅನುಕರಣೆ. ಮೂರನೇ ಹಾಸಿಗೆಯ ‘ಖೊಂಯ್’ ಎಂಬ ಕೆಮ್ಮು, ಏಳನೆಯದರ ‘ಸುಂಯ್’ ಎಂಬ ಉಬ್ಬಸ, ನಡುವೆ ‘ಎಷ್ಟು ತಿಂಗಳು ಎದೆಹಾಲು ಕೊಟ್ರಮ್ಮಾ?’ ಎಂಬ ಮೇಡಂ ಪ್ರಶ್ನೆ, ಇವಿಷ್ಟನ್ನೂ ದಾದಿಯರ ಕೊಠಡಿಯಲ್ಲಿ ಪ್ರದರ್ಶಿಸುತ್ತಿದ್ದ ಒಂದು ಮಧ್ಯಾಹ್ನ, ಬಾಗಿಲಲ್ಲಿ ಸ್ವತಃ ಮೇಡಂ ನಿಂತಿದ್ದರು.

“ಮೂರನೇ ಹಾಸಿಗೆದು ಅಷ್ಟು ಒಣಕೆಮ್ಮಲ್ಲ ಕಣಯ್ಯ, ಸ್ವಲ್ಪ ಕಫ ಸೇರಿಸು. ನನ್ನ ದನಿ ಪರವಾಗಿಲ್ಲ.”

ಅಂದಿನಿಂದ ನಾನು ಗಿಳಿರಾಯನಾದೆ.

ಆಗ ಆಸ್ಪತ್ರೆಯಲ್ಲಿ ಹಾಲೂಡಿಸುವವರು ಮೆಟ್ಟಿಲ ತಿರುವಿನಲ್ಲಿ, ಹೋಗಿಬರುವವರ ಮೊಣಕಾಲುಗಳ ನಡುವೆ ಕೂರಬೇಕಿತ್ತು. ಅವರಿಗೊಂದು ಕೊಠಡಿ ಬೇಕೆಂದು ಮೇಡಂ ವರ್ಷಗಟ್ಟಲೆ ಕೇಳಿದರೆ, ಅಧೀಕ್ಷಕರು ಇದ್ದ ಒಂದೇ ಖಾಲಿ ಕೊಠಡಿಗೆ ಜೆರಾಕ್ಸ್ ಯಂತ್ರ ತರಿಸುವ ಕನಸಿನಲ್ಲಿದ್ದರು. ಕೊನೆಗೆ, “ಎದೆಹಾಲಿಂದ ಕೆಮ್ಮು, ಉಬ್ಬಸ, ಅಲರ್ಜಿ ಕಡಿಮೆ ಆಗುತ್ತೆ ಅಂತ ನಮ್ಮ ಆಸ್ಪತ್ರೆಯದೇ ಲೆಕ್ಕ ತೋರ್ಸಿ, ಕೊಠಡಿ ತಗೊಳ್ಳಿ” ಎಂದರು. ತಾಯಂದಿರನ್ನು ಕೇಳಿ ಬರೆದುಕೊಳ್ಳುವ ಕೆಲಸ ನನಗೆ ಬಂತು.

ಎಂಟು ತಿಂಗಳಲ್ಲಿ ಇನ್ನೂರ ಹನ್ನೊಂದು ತಾಯಂದಿರನ್ನು ಕೇಳಿದೆ. ಇನ್ನೂರ ಎಂಟು ಮಂದಿಯ ಉತ್ತರ ಒಂದೇ: ಆರು ತಿಂಗಳು. ಇಂಥ ಆದರ್ಶ ಮಾತೆಯರ ಊರಿನಲ್ಲಿ ಮಕ್ಕಳು ಇಷ್ಟೊಂದು ಕೆಮ್ಮುವುದೇಕೆ ಎಂಬ ಸಣ್ಣ ಸಂಶಯವೂ ನನ್ನನ್ನು ಕಾಡಲಿಲ್ಲ.

ಅಧೀಕ್ಷಕರಿಗೆ ಒಪ್ಪಿಸಲು ನಾಲ್ಕು ದಿನ ಇರುವಾಗ ಮೇಡಂ ಹಾಳೆಗಳನ್ನು ತಿರುವಿದರು. ಎದ್ದು ಬಂದು, ನನ್ನೆದುರು ತಾಯಂದಿರು ಕೂರುವ ಕುರ್ಚಿಯಲ್ಲಿ ಕೂತು, ನನ್ನ ತಲೆಯ ಮೇಲಿಂದಾಚೆ ನೋಡಿದರು. ನಾನೂ ತಿರುಗಿದೆ. ಗೋಡೆಯ ಮೇಲೆ ಬಾಗಿಲಗಲದ ಭಿತ್ತಿಪತ್ರ. ಗುಂಡು ಮಗುವೊಂದು ನಗುತ್ತಿದೆ. ಕೆಳಗೆ ಕೆಂಪಕ್ಷರದಲ್ಲಿ, ‘ಆರು ತಿಂಗಳು ಎದೆಹಾಲು ಮಾತ್ರ.’

“ಪ್ರಶ್ನೆ ನೀನು ಕೇಳಿದೀಯ ಗಿಳಿರಾಯ, ಉತ್ತರ ಗೋಡೆ ಹೇಳ್ಕೊಟ್ಟಿದೆ.”

“ಹಾಗಾದ್ರೆ ಉಳಿದ ಮೂವರು, ಮೇಡಂ?”

“ಕನ್ನಡಕ ಮರೆತು ಬಂದಿರ್ಬೇಕು. ಅಂಟಿಸಿದ್ದು ನಾನೇ ಅಲ್ವಾ, ನಿನ್ನನ್ನ ಬಯ್ಯೋ ಸುಖವೂ ಇಲ್ಲ!”

ಅಧೀಕ್ಷಕರು ಹಾಳೆ ತೆರೆದು ನೋಡುವವರಲ್ಲ, ಸುಮ್ಮನೆ ಕೊಟ್ಟುಬಿಡೋಣ ಎಂದು ನಾನು ಪಿಸುಗುಟ್ಟಿದೆ. ಮೇಡಂ ನೇರವಾಗಿ ಅವರ ಕೋಣೆಗೆ ನಡೆದರು. “ಸಾರ್, ಎಂಟು ತಿಂಗಳ ಕೆಲಸ ಕಸ. ತಪ್ಪು ನನ್ನದು. ಇನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಆ ಕೊಠಡಿಗೆ ಜೆರಾಕ್ಸ್ ಮಷಿನ್ ಬಂದ್ರೆ ನಾನು ಅದರ ಮೇಲೇ ಕೂತ್ಕೋತೀನಿ.” ಮೇಡಂ ಗಾತ್ರವನ್ನೂ ಯಂತ್ರದ ಬೆಲೆಯನ್ನೂ ಮನಸ್ಸಿನಲ್ಲೇ ತೂಗಿದ ಅಧೀಕ್ಷಕರು ಒಪ್ಪಿದರು.

ಎರಡನೇ ಸುತ್ತಿನಲ್ಲಿ ತಾಯಂದಿರ ಎದುರಿನ ಗೋಡೆ ಬೋಳಾಯಿತು. ಜೊತೆಗೆ ಬಂದ ಅತ್ತೆಯರನ್ನು ಮಗುವಿನ ತೂಕ ಮಾಡಿಸುವ ನೆಪದಲ್ಲಿ ಸಾಗಹಾಕಿದ್ದಾಯಿತು. ಪ್ರಶ್ನೆಯೂ ಬದಲಾಯಿತು: “ಹಾಲು ನಿಲ್ಲಿಸಿದ್ದು ಯಾವಾಗಮ್ಮ, ಯಾಕೆ? ಇಲ್ಲಿ ತಪ್ಪು ಉತ್ತರ ಅಂತ ಇಲ್ಲ.”

ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಒಬ್ಬಾಕೆ ಬಾಗಿಲ ಕಡೆ ನೋಡಿ ಹೇಳಿದಳು. “ಮೂರೇ ವಾರ, ಡಾಕ್ಟ್ರೇ. ಕೆಲಸಕ್ಕೆ ಹೋಗ್ಬೇಕಿತ್ತು. ಇವನ ಉಬ್ಬಸ ನನ್ನಿಂದಾನೇ ಅಂತಾರೆ ನಮ್ಮತ್ತೆ. ಹೌದಾ?”

“ಅಲ್ಲ,” ಎಂದರು ಪಕ್ಕದಲ್ಲೇ ಕೂತಿದ್ದ ಮೇಡಂ. “ಎದೆಹಾಲು ರಕ್ಷೆ ಕಣಮ್ಮ, ತಪ್ಪಿಹೋದ್ರೆ ಅದು ನಿನಗೆ ಶಿಕ್ಷೆ ಅಲ್ಲ. ಮನೇಲಿ ಬೀಡಿ ಸೇದೋರು ಯಾರು?”

“ಮಾವ.”

“ಹಾಗಾದ್ರೆ ನಿಮ್ಮತ್ತೆ ಜೊತೆ ನಾನು ಮಾತಾಡ್ತೀನಿ.”

ಮಾತಾಡಿದರು. ವರಾಂಡದ ಆ ತುದಿಗೂ ಕೇಳಿಸಿತು.

ವರ್ಷ ಮುಗಿಯಿತು. ಹೆಚ್ಚು ಕಾಲ ಎದೆಹಾಲು ಕುಡಿದ ಕೂಸುಗಳು ಎದೆಯ ಸೋಂಕಿನಿಂದ ನಮ್ಮಲ್ಲಿ ದಾಖಲಾದದ್ದು ಕಡಿಮೆ ಎಂದು ಲೆಕ್ಕ ಹೇಳಿತು. ಅಲರ್ಜಿಯ ಅಂಕಣದಲ್ಲಿ ಮಾತ್ರ ಮೇಡಂ ‘ಖಚಿತವಾಗಿ ಹೇಳಲಾಗದು’ ಎಂದು ಬರೆದರು.

“ಅಲರ್ಜಿನೂ ಕಡಿಮೆ ಅಂತ ಒಂದು ಸಾಲು ಹಾಕಿ ಮೇಡಂ, ಕೊಠಡಿ ಮಂಜೂರು ಮಾಡೋ ಕಮಿಟಿಯವರಿಗೆ ಖುಷಿಯಾಗುತ್ತೆ,” ಎಂದರು ಅಧೀಕ್ಷಕರು.

“ಕಮಿಟಿಯವರಿಗೆ ಖುಷಿಯಾಗುತ್ತೆ ಸಾರ್. ಈ ತಾಯಂದಿರ ಮಕ್ಕಳು ಸೀನೋದು ನಿಲ್ಲಿಸಲ್ಲ.”

ಆ ಒಂದು ಸಾಲು ಇಲ್ಲದೆಯೇ ಕಮಿಟಿ ಕೊಠಡಿ ಕೊಟ್ಟಿತು: ನಾಲ್ಕು ಕುರ್ಚಿ, ಒಂದು ಕಿಟಕಿ, ಒಳಗಿನಿಂದ ಹಾಕುವ ಚಿಲಕ. ಮೊದಲ ದಿನ ಮೇಡಂ ಸಡಗರದಿಂದ ಹೋಗಿ ಬಾಗಿಲು ತಟ್ಟಿದರು. “ಯಾರ್ರೀ ಅದು? ಹಾಲು ಕುಡಿಸ್ತಿದೀವಿ, ಆಮೇಲೆ ಬನ್ನಿ!” ಎಂದು ಒಳಗಿನಿಂದ ಗದರಿಕೆ ಬಂತು. ವಿಭಾಗದ ಮುಖ್ಯಸ್ಥರಾದ ಮೇಡಂ ಕೈಕಟ್ಟಿ ಹೊರಗೆ ನಿಂತರು. “ಇಷ್ಟು ವರ್ಷದ ಸರ್ವಿಸಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಇದೇ ನೋಡೋ,” ಎಂದು ನನ್ನ ಕಡೆ ತಿರುಗಿ ನಕ್ಕರು.

ನಿವೃತ್ತಿಯ ನಂತರವೂ ಊರೂರಿನ ಆಸ್ಪತ್ರೆಗಳಲ್ಲಿ ಇಂಥ ಕೊಠಡಿಗಳನ್ನು ಮಾಡಿಸುವುದಾಗಿ ಅವರು ಪಣ ತೊಟ್ಟಿದ್ದಾರೆ. ಅದಕ್ಕೆ ಬೇಕಾದ ಆಯಸ್ಸೂ ಉಸಿರೂ ಅವರಿಗೆ ಧಾರಾಳವಾಗಿ ದೊರೆಯಲಿ. ಹೋದಲ್ಲೆಲ್ಲ ತಾಯಂದಿರು ಅವರನ್ನು ಹೀಗೆಯೇ ಬಾಗಿಲಾಚೆ ಕಾಯಿಸಲಿ.