ನೀಲಿ ನೆರಳಿನ ಪಾಪ್‌ಕಾರ್ನ್

ಇಂಟರ್ವಲ್ ಅಕ್ಕ ಜೀವಮಾನದಲ್ಲಿ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ, ಆದರೂ ವಿಮರ್ಶೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಆ ಹಳೇ ಟಾಕೀಸಿನ ತಿಂಡಿ ಕೌಂಟರಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಮಧ್ಯಂತರದಲ್ಲಿ ಹೊರಗೆ ಬರುವ ಮುಖಗಳನ್ನು ನೋಡಿಯೇ ತೀರ್ಪು ಕೊಡುತ್ತಾಳೆ. ಅಳುಮುಂಜಿ ಸಿನಿಮಾ ಆದರೆ ಸೋಡಾ ಖಾಲಿ, ಹೊಡೆದಾಟದ್ದಾದರೆ ಚಿಪ್ಸ್ ಖಾಲಿ, ತಲೆಬುಡ ಇಲ್ಲದ್ದಾದರೆ ಎಲ್ಲವೂ ಖಾಲಿ. "ಡೈರೆಕ್ಟರ್ ಎಷ್ಟು ದಡ್ಡನೋ ನನಗೆ ಅಷ್ಟು ವ್ಯಾಪಾರ. ದೇವರು ಅವರನ್ನ ಹಾಗೇ ಇಟ್ಟಿರಲಿ" ಅನ್ನುವುದು ಅವಳ ಪ್ರಾರ್ಥನೆ.

ದೇವರು ಅವರನ್ನು ಹಾಗೇ ಇಟ್ಟಿದ್ದ, ಆದರೆ ಎದುರು ರಸ್ತೆಯಲ್ಲಿ ಒಂದು ಬೇಕರಿಯನ್ನೂ ಇಟ್ಟುಬಿಟ್ಟ. ಬೆಲ್ ಹೊಡೆದದ್ದೇ ತಡ, ಜನ ಅಕ್ಕನ ಮೂಗಿನ ಮುಂದೆಯೇ ದಾಟಿ ಓಡತೊಡಗಿದರು. ಒಂದು ದಿನ ಟಾಕೀಸಿನ ಯಜಮಾನರ ಸೊಸೆ, ಎಲ್ಲರ ಬಾಯಲ್ಲೂ ಚಿಕ್ಕ ಯಜಮಾನಿ, ಅಳತೆ ಟೇಪು ಹಿಡಿದು ಬಂದಳು.

"ತಪ್ಪು ತಿಳ್ಕೋಬೇಡಿ ಅಕ್ಕ. ಹೀಗೇ ಆದ್ರೆ ಇಲ್ಲಿ ಮೆಷಿನ್ ಇಡ್ತೀವಿ. ಗುಂಡಿ ಒತ್ತಿದ್ರೆ ತಿಂಡಿ ಬೀಳುತ್ತೆ."

"ಚಿಲ್ಲರೆ ಇಲ್ಲ ಅಂತ ಬೈಯುತ್ತಾ ಅದು?"

"ಇಲ್ಲ."

"ಮತ್ತೆ ಜನಕ್ಕೆ ಮಜಾ ಎಲ್ಲಿಂದ ಬರ್ಬೇಕಮ್ಮ?"

ಸೊಸೆ ನಕ್ಕಳು, ಆದರೆ ಟೇಪು ಮಡಚಲಿಲ್ಲ. ಕೊನೆಗೆ ಒಂದು ದಾರಿ ತೋರಿಸಿದಳು: ಕಾಲೇಜು ಹುಡುಗರು ಈಗ ಹಳೇದು ಅಂದ್ರೆ ಪ್ರಾಣ ಬಿಡುತ್ತಾರೆ, ಹಳೇ ಕಾಲದ ಶೈಲಿಯಲ್ಲಿ ಒಂದು ಜಾಹೀರಾತು ಬರೆಸಿ, ಭಾನುವಾರ ಹಳೇ ಸಿನಿಮಾ ಹಾಕುತ್ತೇವೆ, ಅವತ್ತು ಜನ ನಿಂತರೆ ಕೌಂಟರ್ ನಿಮ್ಮದೇ.

ಹಳೇ ಶೈಲಿಗೆ ಅಕ್ಕ ದೂರ ಹೋಗಬೇಕಿರಲಿಲ್ಲ. ಊರೆಲ್ಲ ಕಟೌಟ್ ಅಂತಲೇ ಕರೆಯುವ ಅವಳ ಸ್ವಂತ ತಮ್ಮ ಇದ್ದ. ಒಂದು ಕಾಲಕ್ಕೆ ಇದೇ ಟಾಕೀಸಿನ ಮುಂದೆ ಮೂರು ಮಹಡಿ ಎತ್ತರದ ಹೀರೋಗಳನ್ನು ನಿಲ್ಲಿಸಿದವನು, ಈಗ ಗಾಡಿ ನಂಬರ್ ಬರೆಯುತ್ತಾನೆ. ಎತ್ತರ ಇಳಿದರೂ ಜಂಬ ಒಂದಿಂಚೂ ಇಳಿದಿಲ್ಲ.

"ಅಕ್ಕ, ನಿನ್ನ ಪಾಪ್‌ಕಾರ್ನ್‌ನ ಹೀರೋ ಮಾಡ್ತೀನಿ ನೋಡ್ತಿರು!"

"ಹೀರೋ ಬೇಡ ಕಣೋ, ತಿನ್ನೋ ಹಾಗೆ ಮಾಡು ಸಾಕು."

ಭಾನುವಾರ ಬೆಳಿಗ್ಗೆ ಆಳೆತ್ತರದ ಹಲಗೆ ಬಂದು ಕೌಂಟರಿನ ಹಿಂದಿನ ಗೋಡೆ ಏರಿತು. ಎಲೆಕೋಸಿನ ಗಾತ್ರದ ಪಾಪ್‌ಕಾರ್ನ್ ರಾಶಿ, ಪಕ್ಕದಲ್ಲಿ ಸೋಡಾ ಹಿಡಿದು ನಗುವ ಸುಂದರಿ. ಆದರೆ ಕಟೌಟ್ ಬರೆಯುವವರದ್ದು ಒಂದು ಕಟ್ಟುನಿಟ್ಟಿನ ಪದ್ಧತಿ: ರಸ್ತೆಯಾಚೆಯ ಕಣ್ಣಿಗೆ ಬರೆಯಬೇಕು. ಕೆನ್ನೆಯ ನೆರಳಿಗೆ ನೀಲಿ, ಮೂಗಿನ ಕೆಳಗೆ ಹಸಿರು, ಗಲ್ಲಕ್ಕೆ ನೇರಳೆ. ಇವನ ಕೈಗೆ ಬೇರೇನೂ ಗೊತ್ತೇ ಇಲ್ಲ! ಪ್ರತಿ ಪಾಪ್‌ಕಾರ್ನ್‌ಗೂ ಪ್ರೀತಿಯಿಂದ ನೀಲಿ ಬಳಿದಿದ್ದ, ಅಂಚಿಗೆ ಹಸಿರು ಸವರಿದ್ದ.

ಮಧ್ಯಾಹ್ನದ ಆಟದ ಮಧ್ಯಂತರದಲ್ಲಿ ಮೊದಲು ಬಂದ ಹುಡುಗಿ ಹಲಗೆ ನೋಡಿದಳು, ಪೊಟ್ಟಣ ನೋಡಿದಳು, ಮತ್ತೆ ಹಲಗೆ ನೋಡಿದಳು.

"ಆಂಟಿ, ಇದಕ್ಕೆ ಬೂಷ್ಟು ಹಿಡಿದಿದ್ಯಾ?"

ಅಷ್ಟೇ. ಇಡೀ ಸಾಲು ಬೇಕರಿಗೆ ಹೋಯಿತು.

"ಲೋ ಮಹಾನುಭಾವ, ಸತ್ತು ನಾಲ್ಕು ದಿನ ಆದ ಪಾಪ್‌ಕಾರ್ನ್ ಬರ್ದಿದೀಯಲ್ಲೋ! ಆ ಸೋಡಾ ಸುಂದರಿಗೆ ಯಾರು ಹೊಡೆದ್ರು?"

"ದೂರದಿಂದ ನೋಡ್ಬೇಕು ಅಕ್ಕ. ಕಲೆ ಅಂದ್ರೆ..."

"ಕೌಂಟರ್ ಮುಂದೆ ಇರೋದೇ ಮೂರು ಮಾರು ಜಾಗ! ದೂರನ ಎಲ್ಲಿಂದ ತರ್ಲಿ, ನಿಮ್ಮ ಭಾವನ ಜೇಬಿಂದ ತರ್ಲಾ?"

ಇನ್ನು ಉಳಿದಿದ್ದು ಸಂಜೆಯ ಆಟ ಒಂದೇ. ಅಕ್ಕ ಸೆರಗು ಸಿಕ್ಕಿಸಿಕೊಂಡು, ತನ್ನ ಗಿರಾಕಿಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬರಲು ಸೀದಾ ರಸ್ತೆ ದಾಟಿದಳು. ಬೇಕರಿ ಬಾಗಿಲಲ್ಲಿ ಬೈಯಲು ಬಾಯಿ ತೆರೆದವಳು, ತಮ್ಮ ಹಿಂದೆಯೇ ಬಂದನೇ ಎಂದು ತಿರುಗಿ ನೋಡಿದಳು. ಟಾಕೀಸಿನ ಬಾಗಿಲು ಅಗಲಕ್ಕೆ ತೆರೆದಿತ್ತು. ಒಳಗೆ ಅದೇ ಹಲಗೆಯ ಮೇಲೆ ಬಿಸಿಬಿಸಿಯಾಗಿ, ಈಗಷ್ಟೇ ಸಿಡಿದಂತೆ, ಬೆಳ್ಳಗೆ ಉಬ್ಬಿದ ಪಾಪ್‌ಕಾರ್ನ್! ಸುಂದರಿಯ ಕೆನ್ನೆಯಲ್ಲಿ ರಕ್ತ ಓಡಾಡುತ್ತಿತ್ತು. ವರ್ಷಗಟ್ಟಲೆ ಪಾಪ್‌ಕಾರ್ನ್ ವಾಸನೆಗೆ ಓಕರಿಸುತ್ತಿದ್ದ ಅಕ್ಕನ ಬಾಯಲ್ಲೇ ನೀರೂರಿತು. ಬೈಗುಳವನ್ನು ನುಂಗಿಕೊಂಡು ಓಡಿ ಬಂದಳು.

"ಏಣಿ ತಗೊಂಡ್ಬಾರೋ! ಇದನ್ನ ಹೊರಗೆ, ಬಾಗಿಲ ಮೇಲೆ ಕಟ್ಟು. ಬೇಕರಿ ಮುಖಕ್ಕೆ ಸರಿಯಾಗಿ!"

"ಹೇಳಿದ್ನಲ್ಲ, ದೂರದಿಂದ..."

"ಬಾಯಿ ಮುಚ್ಕೊಂಡು ಹತ್ತು."

ಸಂಜೆ ಮಧ್ಯಂತರಕ್ಕೆ ಜನ ಎಂದಿನಂತೆ ಬೇಕರಿಗೇ ಓಡಿದರು. ಬನ್ನಿಗೆ ಬಾಯಿ ಹಾಕುತ್ತ ಈ ಕಡೆ ತಿರುಗಿದರು. ಬಲ್ಬಿನ ಬೆಳಕಿನಲ್ಲಿ ಹಲಗೆ ಹೊಳೆಯುತ್ತಿತ್ತು. ಅಗಿಯುವುದು ನಿಂತಿತು. ಮೊದಲು ಇಬ್ಬರು, ಆಮೇಲೆ ಒಂದು ಗುಂಪು, ಆಮೇಲೆ ಲೆಕ್ಕ ತಪ್ಪಿತು.

"ಆಂಟಿ, ಮೇಲೆ ಇರೋ ಸೈಜ್‌ದು ಕೊಡಿ!"

"ಏಣಿ ಅಲ್ಲೇ ಇದೆ, ಹತ್ತಿ ಕಿತ್ಕೊಳ್ಳಿ. ಚಿಲ್ಲರೆ ಕೊಡಿ, ಹಲ್ಲು ಆಮೇಲೆ ಕಿರೀರಂತೆ."

ಎರಡನೇ ಬೆಲ್ ಆದರೂ ಸಾಲು ಕರಗಲಿಲ್ಲ. ಅದರ ಪಕ್ಕದಿಂದ ಚಿಕ್ಕ ಯಜಮಾನಿ ನುಸುಳಿಕೊಂಡು ಮುಂದೆ ಬಂದು ಕೈ ಚಾಚಿದಳು.

"ಅಕ್ಕ, ನನಗೂ ಒಂದು."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಮೆಷಿನ್ ಆಗಿದ್ರೆ ಕೊಡ್ತಿತ್ತೇನೋ. ನೀವು ಸಾಲಲ್ಲಿ ಬನ್ನಿ."

ಸೊಸೆ ಚಾಚಿದ ಕೈಯನ್ನು ಒಳಕ್ಕೆಳೆದುಕೊಂಡಳು. ಆಮೇಲೆ ಹಿಂದೆ ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡಳು.