ನ್ಯಾಮತಿಯಲ್ಲಿ ಅಕ್ಕನ ಎಡೆ

ಎಂಬತ್ತರ ದಶಕದ ಶುರುವಿನ ಮಾತು. ಶಿವಮೊಗ್ಗದಿಂದ ಬೆಳಗಿನ ಬಸ್ಸು ಹಿಡಿದು ಹೊರಟೆ. ಚೀಲದಲ್ಲಿ ನಾಲ್ಕು ಬಟ್ಟೆ, ಒಂದು ಕಟ್ಟು ಬಿಳಿ ಹಾಳೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಮಹಿಳಾ ಸಮಾಜದವರು ಬರವಣಿಗೆಯ ಕಮ್ಮಟ ನಡೆಸಿಕೊಡಿ ಎಂದು ಕರೆದಿದ್ದರು. "ಒಲೆ ಊದೋ ಹೆಂಗಸರ ಹತ್ತಿರ ಅದೇನು ಬರೆಸ್ತೀಯೋ!" ಎಂದು ನಮ್ಮ ಮನೆಯವರು ನಕ್ಕರು. ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬಸ್ಸು ಹತ್ತಿದೆ.

ನನ್ನ ಪಾಠ ಸರಳ. ಕಣ್ಣು ಮುಚ್ಚಿ, ನಿಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ನಡೆಯಿರಿ. ಇದು ನನ್ನ ಜಾಗ ಅನ್ನಿಸಿದ ಕಡೆ ನಿಲ್ಲಿ. ಅಲ್ಲಿಂದ ಕಂಡದ್ದನ್ನು ಬರೆಯಿರಿ. ಅಷ್ಟೇ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಜಗಳೂರು ಮುಟ್ಟುವಾಗ ತಲೆಯೆಲ್ಲ ಕೆಂಧೂಳು. ಅಲ್ಲೊಬ್ಬಾಕೆ ನಾಚದೆ ಓದಿದಳು: "ನನ್ನ ಜಾಗ ಬಚ್ಚಲು ರೀ. ಅಲ್ಲಿ ಅತ್ರೆ ಮುಖ ತೊಳ್ಕೊಂಡಂಗೆ ಕಾಣ್ತೈತೆ." ಚನ್ನಗಿರಿಯಲ್ಲಿ ಇನ್ನೊಬ್ಬರು ಖಾಲಿ ಹಾಳೆ ತಂದುಕೊಟ್ಟರು. "ಇಡೀ ಮನೆ ಸುತ್ತಿದೆ ಮೇಡಂ, ನಿಂತ್ಕೊಳ್ಳಾಕೆ ಒಂದು ಜಾಗಾನೂ ಸಿಗಲಿಲ್ಲ" ಎಂದರು. ಎಲ್ಲರೂ ಘೊಳ್ಳೆಂದು ನಕ್ಕು, ಆಮೇಲೆ ತಂತಮ್ಮ ಹಾಳೆ ನೋಡಿಕೊಂಡರು. ಹೊನ್ನಾಳಿಯಲ್ಲಿ ಹೊಳೆ ಬತ್ತಿತ್ತು. ಕಮ್ಮಟಕ್ಕೆ ಬಂದವರೂ ಕಡಿಮೆ. ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಭರ್ಜರಿ.

ಹೊನ್ನಾಳಿಯಲ್ಲಿ ಬಸ್ಸು ಹತ್ತಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ನ್ಯಾಮತಿ ಬಂತು. ನನಗೆ ಉಳಿಯಲು ಹೇಳಿದ್ದು ಒಬ್ಬ ಕಿರಾಣಿ ವ್ಯಾಪಾರಿಯ ಮನೆಯಲ್ಲಿ. ಅವರು ಸರಕು ತರಲು ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿದ್ದವರು ಅವರ ತಾಯಿ ಮತ್ತು ಹೆಂಡತಿ ಶಕುಂತಲಾ, ಇಬ್ಬರೇ. ಮಧ್ಯಾಹ್ನ ಗೋಡೆಯ ಪಕ್ಕ ಎರಡು ತಟ್ಟೆ ಇಟ್ಟಿದ್ದರು. ಹಸಿದಿದ್ದ ನಾನು ಸೀದಾ ಹೋಗಿ ಒಂದರ ಮುಂದೆ ಕೂತೆ.

"ಅಯ್ಯಯ್ಯೋ, ಅಲ್ಲಿ ಬ್ಯಾಡ್ರಿ! ಅದು ಅಕ್ಕನ ಜಾಗ!" ಎಂದು ಶಕುಂತಲಾ ಓಡಿ ಬಂದಳು.

ಯಾರೋ ಅಕ್ಕ ಬರುತ್ತಾರೆಂದು ಸರಿದು ಕೂತೆ. ಯಾರೂ ಬರಲಿಲ್ಲ. ಆದರೆ ಮೊದಲು ಬಡಿಸಿದ್ದು ಆ ತಟ್ಟೆಗೇ. ಪಕ್ಕದಲ್ಲಿ ತುಂಬಿದ ನೀರಿನ ಲೋಟ ಬೇರೆ. ಬಗ್ಗಿ ಬಡಿಸುತ್ತಿದ್ದ ಶಕುಂತಲೆಯ ತಾಳಿಯ ಜೊತೆ ಪುಟ್ಟದೊಂದು ಬೆಳ್ಳಿಯ ಮುಖ ತೂಗಾಡುವುದು ಕಂಡಿತು. ಎರಡನೇ ಸಂಬಂಧಕ್ಕೆ ಬಂದವಳು ತೀರಿಹೋದ ಸವತಿಯನ್ನು ಹಾಗೆ ಕೊರಳಲ್ಲಿ ಕಟ್ಟಿಕೊಳ್ಳುವ ರೂಢಿ ಉಂಟು. ಹಬ್ಬಕ್ಕೆ ಅವಳಿಗೆ ಎಡೆ ಇಡುವುದೂ ಉಂಟು. ಈ ಮನೆಯಲ್ಲಿ ದಿನಾ ಇಡುತ್ತಿದ್ದರು.

"ನಮ್ಮ ಪಾರ್ವತಿ. ಜ್ವರದಾಗೆ ಹೋದ್ಲು. ಆಕೆಗೆ ಇಡದೆ ಯಾರೂ ಉಣ್ಣಲ್ಲ ರೀ" ಎಂದರು ಅತ್ತೆ.

ಸಂಜೆ ಶಾಲೆಯ ಕೋಣೆಯಲ್ಲಿ ಕಮ್ಮಟ. ಅತ್ತೆಯೂ ಬಂದು ಹಿಂದೆ ಕೂತರು. ಶಕುಂತಲಾ ತಲೆ ಎತ್ತದೆ ಬರೆದಳು, ಎದ್ದು ನಿಂತು ಓದಿದಳು: "ಇದು ನನ್ನ ಮನೆ. ನನ್ನ ಜಾಗ ಗೋಡೆ ಪಕ್ಕ. ಅಲ್ಲೇ ಮಲಗಿಸಿದ್ದರು. ನೀರು ಕೇಳಿದೆ, ಅತ್ತೆ ಕೊಡಲಿಲ್ಲ. ಹಸಿ ಸೆರಗು ನನ್ನ ತುಟಿಗೆ ಒತ್ತಿ ಬಾಗಿಲು ಹಾಕಿಕೊಂಡರು. ನನ್ನ ಹಿಂದೆ ಒಬ್ಬ ಹುಡುಗಿ ಬಂದಿದ್ದಾಳೆ. ಅವಳಿಗೂ ಜಾಗ ಬೇಕಂತೆ."

ಅತ್ತೆ ಎದ್ದರು. "ಅವತ್ತು ಒಳಗಿದ್ದದ್ದು ನಾನು, ಪಾರ್ವತಿ ಇಬ್ರೇ. ನಿನಗೆ ಹೆಂಗೆ ಗೊತ್ತಾತು?" ಎಂದವರು ಉತ್ತರಕ್ಕೂ ಕಾಯದೆ ಹೊರಟುಹೋದರು.

ದಾರಿಯಲ್ಲಿ ನಾನೂ ಅದನ್ನೇ ಕೇಳಿದೆ.

"ನಂಗೇನು ಗೊತ್ರಿ? ಕೈ ಬರೀತಾ ಹೋತು." ಎಂದಳು ಶಕುಂತಲಾ. "ಮದುವೆ ಆದಾಗಿಂದ ಎಲ್ರೂ ಉಂಡ ಮೇಲೆ ಅಕ್ಕನ ಎಡೆ ತೆಗ್ದು, ಒಲೆ ಮುಂದೆ ಕುಂತು ಅದನ್ನೇ ಉಣ್ತೀನಿ. ನನಗೇ ಅಂತ ಒಂದು ತಟ್ಟೆ ಹಾಕಿ, ಶಕುಂತಲಾ ಬಾ ಅಂತ ಅತ್ತೆ ಒಂದು ಸಲ ಕರೆದ್ರೆ ಸಾಕು ರೀ. ಇನ್ನೇನೂ ಬ್ಯಾಡ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಕರೆಯೋತನಕ ಯಾಕೆ ಕಾಯ್ತೀಯ? ನಾಳೆ ನೀನೇ ಹೋಗಿ ಆ ಜಾಗದಲ್ಲಿ ಕೂತ್ಕೊ. ನಾನಿರ್ತೀನಿ, ಅದೇನಾಗುತ್ತೋ ನೋಡೋಣ" ಎಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ನಾನು ಶಿವಮೊಗ್ಗದ ಬಸ್ಸಿಗೆ ಚೀಲ ಸಿದ್ಧಮಾಡಿಕೊಂಡು ನಿಂತಿದ್ದೆ. ಶಕುಂತಲಾ ಎಡೆಗೆ ಬಿಸಿ ರೊಟ್ಟಿ, ಪಲ್ಯ ಬಡಿಸಿದಳು. ನನ್ನ ಮುಖ ನೋಡಿದಳು. ಗೋಡೆಗೆ ಬೆನ್ನು ಕೊಟ್ಟು ಕೂತು, ರೊಟ್ಟಿ ಮುರಿದು ಬಾಯಿಗಿಟ್ಟಳು.

ದೇವರ ಕೋಣೆಯಿಂದ ಅತ್ತೆ ಬಂದರು. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತೆ. ಅವರು ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದು ಸೊಸೆಯ ಎದುರು ಕುಸಿದು ಕೂತರು.

"ಬಂದ್ಯಾ, ಪಾರ್ವತಿ?"

ಅತ್ತೆ ಲೋಟ ಎತ್ತಿ ಅವಳ ತುಟಿಗೆ ಹಿಡಿದರು. "ಕುಡಿ ತಾಯಿ, ಎಷ್ಟು ಬೇಕಾದ್ರೂ ಕುಡಿ. ಅವತ್ತು ಡಾಕ್ಟರು ಬ್ಯಾಡ ಅಂದಿದ್ರು ಕಣೇ. ಅದಕ್ಕೇ ಕೊಡಲಿಲ್ಲ."

ಶಕುಂತಲಾ ಗಟಗಟ ಕುಡಿದಳು. ಅತ್ತೆ ತಮ್ಮ ಸೆರಗಿನಿಂದ ಅವಳ ಬಾಯಿ ಒರೆಸಿ, ಕೆನ್ನೆ ಸವರಿದರು. ಅಂಥ ಪ್ರೀತಿಯನ್ನು ಆ ಹುಡುಗಿ ಆ ಮನೆಯಲ್ಲಿ ಕಂಡಿರಲಾರಳು.

"ಅಮ್ಮಾ, ಇವಳು ಶಕುಂತಲಾ! ಸರಿಯಾಗಿ ನೋಡಿ!" ನಾನು ಕೂಗಿಯೇಬಿಟ್ಟೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಚೀಲ ಎತ್ತಿಕೊಂಡು ಬಾಗಿಲಲ್ಲಿ ಮತ್ತೊಮ್ಮೆ ತಿರುಗಿ ನೋಡಿದೆ. ಅತ್ತೆ ತಟ್ಟೆಗೆ ತುಪ್ಪ ಬಡಿಸುತ್ತಿದ್ದರು.

"ಆ ಹುಡುಗಿ ಶಕುಂತಲಾ ಎಲ್ಲಿ? ಆಕೇನೂ ಉಣ್ಣಾಕೆ ಕರಿಯೇ" ಎಂದರು.

ಶಕುಂತಲಾ ನನ್ನ ಕಡೆ ನೋಡಿದಳು. ಆಮೇಲೆ, ಯಾರೂ ಇಲ್ಲದ ಅಡುಗೆಮನೆಯ ಕಡೆ ನೋಡಿದಳು.

"ಒಲೆ ಮುಂದೆ ಐದಾಳೆ ಅತ್ತೆ" ಎಂದು ತಟ್ಟೆ ಮುಂದೆ ಚಾಚಿದಳು. "ಆಕೆ ಆಮೇಲೆ ಉಣ್ತಾಳೆ. ನೀವು ನನಗೆ ಬಡಿಸ್ರಿ."