ಸುಣ್ಣದ ಗೆರೆಯ ಕಾವಲು

ಬೀದಿದೀಪಗಳು ಆಗಷ್ಟೇ ಆರಿವೆ. ಮನೆಗಳ ಅಡುಗೆಕೋಣೆಗಳಲ್ಲಿ ಒಂದೊಂದಾಗಿ ಬೆಳಕು ಮೂಡುತ್ತಿದೆ. ಹಳದಿ ಬಣ್ಣದ ಮನೆಯ ಗೇಟಿನಿಂದ ಹಿಡಿದು ರಸ್ತೆಯ ಮ್ಯಾನ್‌ಹೋಲಿನವರೆಗೆ ಉದ್ದಕ್ಕೆ ಅಗೆದ ಗುಂಡಿ. ಅದರ ಅಂಚಿನಲ್ಲಿ ಒಬ್ಬ ಹೆಂಗಸು ಬಗ್ಗಿ, ಮುಷ್ಟಿಯಿಂದ ಸುಣ್ಣದ ಪುಡಿಯನ್ನು ಸಣ್ಣಗೆ ಉದುರಿಸುತ್ತ, ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾರೆ. ಗೆರೆ ನೆಟ್ಟಗಿಲ್ಲ. ಗುಂಡಿಯ ತುಟಿಯಿಂದ ಈಚೆಗೆ ಬಂದು, ಮತ್ತೆ ತುಟಿಗೆ ಹೋಗಿ, ಮತ್ತೆ ಈಚೆಗೆ ಬರುತ್ತದೆ. ಕುಡಿದವರು ಎಳೆದಂತಿದೆ.

"ಬಿರುಕು ಗುಂಡಿ ಉದ್ದಕ್ಕೇ ಬರತ್ತೆ. ಗೆರೆನೂ ಉದ್ದಕ್ಕೇ ಎಳೆದ್ರೆ ಎರಡೂ ಅಕ್ಕಪಕ್ಕ ಹೋಗ್ಬಿಡತ್ತೆ, ಗೊತ್ತಾಗಲ್ಲ. ಹೀಗೆ ಡೊಂಕಾಗಿ ಎಳೆದ್ರೆ ಎಲ್ಲಾದ್ರೂ ಒಂದು ಕಡೆ ಗೆರೆ ಕಡೀಲೇಬೇಕು," ಎನ್ನುತ್ತಾರೆ. ಹೇಳುವಾಗ ಅವರ ಕಣ್ಣು ಮಣ್ಣಿನ ಮೇಲೇ ಇದೆ.

ಅಗೆತದವರು ಇವರನ್ನು ಕರೆಯುವುದು ದಡದಕ್ಕ ಎಂದು. ಮನೆಗಳ ಹಳೆಯ ಕೊಳಚೆ ಪೈಪು ಕಿತ್ತು ಹೊಸದು ಹಾಕುವುದು ಇವರ ಗಂಡನ ಕೆಲಸ. ಗಂಡ ಗುಂಡಿಯ ಒಳಗೆ, ಇವರು ದಡದ ಮೇಲೆ. ಗೆರೆ ಕಡಿದರೆ, ಅಂಚಿನಿಂದ ನಾಲ್ಕು ಹರಳು ತಾವಾಗಿ ಉದುರಿದರೆ, ಎರಡು ಸಲ ಚಪ್ಪಾಳೆ ತಟ್ಟುತ್ತಾರೆ. ಆ ಸದ್ದು ಕೇಳಿದರೆ ಗಂಡ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಏಣಿ ಹತ್ತುತ್ತಾರೆ. ಇಷ್ಟೇ ದಡದಕ್ಕನ ಕೆಲಸ. ದಾರಿಯಲ್ಲಿ ಹೋಗುವವರಿಗೆ ಅದು ಕೆಲಸದಂತೆ ಕಾಣುವುದಿಲ್ಲ. ಹಾಲಿನ ಪ್ಯಾಕೆಟ್ ಹಿಡಿದು ಹೋಗುವ ಒಬ್ಬರು ನಿಂತು, "ಅಲ್ಲಮ್ಮಾ, ಗಂಡ ಒಳಗೆ ಬೆವರು ಸುರಿಸ್ತಿದಾನೆ, ನೀನು ಸೊಂಟದ ಮೇಲೆ ಕೈ ಇಟ್ಕೊಂಡು ಮೇಸ್ತ್ರಿ ಥರ ನಿಂತಿದೀಯಲ್ಲ," ಎನ್ನುತ್ತಾರೆ. ದಡದಕ್ಕ ನಗುವುದೂ ಇಲ್ಲ, ಸಿಡುಕುವುದೂ ಇಲ್ಲ. "ನೀವು ನಿಂತಿರೋ ಜಾಗ ಸ್ವಲ್ಪ ಬಿಡಿ ಅಣ್ಣಾ, ಅಂಚಿಗೆ ಭಾರ ಬೀಳತ್ತೆ."

ನಾನು ಮಾತನಾಡಿಸಿದರೆ ಉತ್ತರ ಬರುತ್ತದೆ, ಮುಖ ತಿರುಗುವುದಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದು ಶರತ್ತು ಇದ್ದೇ ಇರುತ್ತಿತ್ತು: ಯಾರು ಎಷ್ಟೇ ಕೂಗಿದರೂ ಹಿಂತಿರುಗಿ ನೋಡಬಾರದು, ನೋಡಿದರೆ ಕಲ್ಲಾಗುತ್ತೀಯೆ. ಕಾಡು ದಾಟಿದ ಮೇಲೆ ಶರತ್ತು ಮುಗಿಯುತ್ತಿತ್ತು. ದಡದಕ್ಕನ ಕಾಡು ದಿನಾ ಬೆಳಿಗ್ಗೆ ಶುರುವಾಗುತ್ತದೆ.

ಗುಂಡಿಯ ಒಳಗೆ ಗಂಡ ಹಳೆಯ ಜೇಡಿಮಣ್ಣಿನ ಪೈಪಿನ ತುಂಡುಗಳನ್ನು ಬುಟ್ಟಿಗೆ ಹಾಕುತ್ತಿದ್ದಾರೆ. ಒಂದು ತುಂಡಿನ ತುಂಬ ಮರದ ಬೇರು, ಜಡೆ ಹೆಣೆದಂತೆ. ಪೈಪಿನ ಜೋಡಣೆ ಸಡಿಲವಾದ ಕಡೆ ಬೇರು ಕೂದಲೆಳೆಯಷ್ಟೇ ನುಗ್ಗುತ್ತದೆ, ಒಳಗೆ ಉಂಡು ತೇಗಿ ಕೊಬ್ಬುತ್ತದೆ. ಆಮೇಲೆ ಮನೆಯ ಬಚ್ಚಲಲ್ಲಿ ನೀರು ಹಿಂದಕ್ಕೆ ಉಕ್ಕುತ್ತದೆ. ಈ ಮನೆಯಲ್ಲಿ ಆಗಿರುವುದೂ ಅದೇ. ಹಳೆಯದನ್ನು ಕಿತ್ತ ಜಾಗಕ್ಕೆ ಮರಳು ಹಾಸಿ, ರಸ್ತೆಯ ತಗ್ಗಿನ ತುದಿಯಿಂದ ಮನೆಯ ಕಡೆಗೆ ಒಂದೊಂದೇ ಹೊಸ ಪೈಪು ಜೋಡಿಸುತ್ತ ಹೋಗಬೇಕು. ಪ್ರತಿ ಪೈಪಿನ ಅಗಲ ಬಾಯಿ ಮನೆಯ ಕಡೆಗಿರಬೇಕು. ಇಳಿಜಾರು ದಾರ ಕಟ್ಟಿದಂತೆ ಒಂದೇ ಸಮ ಬರಬೇಕು.

"ಇಳಿಜಾರು ಕಮ್ಮಿ ಆದ್ರೆ ಎಲ್ಲಾ ಅಲ್ಲೇ ಕೂರತ್ತೆ. ಜಾಸ್ತಿ ಆದ್ರೆ ನೀರು ಓಡಿಹೋಗತ್ತೆ, ಗಟ್ಟಿ ಹಿಂದೆ ಉಳಿಯತ್ತೆ," ಎನ್ನುತ್ತದೆ ಗುಂಡಿಯೊಳಗಿನ ದನಿ. "ಎರಡೂ ಜತೇಲೇ ನಡೀಬೇಕು. ಗಂಡ ಹೆಂಡ್ತಿ ಥರ."

"ನೀವು ಯಾವಾಗ ನನ್ನ ಜತೆ ನಡೆದಿದ್ರಿ? ಯಾವಾಗಲೂ ನಾಲ್ಕು ಮಾರು ಮುಂದೆ," ಎಂದು ದಡದಕ್ಕ ಮಣ್ಣಿಗೇ ಹೇಳುತ್ತಾರೆ.

ಇವತ್ತು ದಡದ ಮೇಲೆ ಇನ್ನೊಬ್ಬರಿದ್ದಾರೆ. ಗಂಡನ ತಂಗಿ, ದಡದಕ್ಕನ ನಾದಿನಿ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಮನೆಯವರೆಲ್ಲ ರೇಡಿಯೊ ಎಂದೇ ಕರೆಯುತ್ತಾರೆ. ಇಷ್ಟು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದರು, ಅದು ಬಾಗಿಲು ಹಾಕಿತು. "ಮೊದ್ಲು ಅಂಗಿ ಗುಂಡಿ, ಈಗ ಈ ಗುಂಡಿ. ನನ್ನ ಹಣೇಲಿ ಅದೇ ಬರೆದಿದೆ," ಎಂದು ತಾವೇ ನಗುತ್ತಾರೆ. ಆದರೆ ಇಲ್ಲಿಗೆ ಬಂದಿರುವುದು ಕೆಲಸ ಹುಡುಕಿಕೊಂಡಲ್ಲ. ದಡದಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮುಂದಿನ ವಾರ ಒಂದು ಕಣ್ಣಿನ ಆಪರೇಷನ್, ಆಮೇಲೆ ಇನ್ನೊಂದು. ಎರಡೂ ಮಾಯುವವರೆಗೆ ಧೂಳಿಗೆ ಬರುವಂತಿಲ್ಲ. ದಡದಲ್ಲಿ ಯಾರೂ ಇಲ್ಲದೆ ಗಂಡ ಗುಂಡಿಗೆ ಇಳಿಯುವುದಿಲ್ಲ, ಸಿಕ್ಕಸಿಕ್ಕವರನ್ನು ನಂಬಿ ಇಳಿಯುವುದಂತೂ ಇಲ್ಲವೇ ಇಲ್ಲ. ಮುಂದಿನ ವಾರದೊಳಗೆ ನಾದಿನಿ ನೋಡುವುದನ್ನು ಕಲಿಯಬೇಕು.

ಪೊರೆಯ ವಿಷಯ ಮೊದಲು ತಿಳಿದದ್ದು ಗಂಡನಿಗೆ. "ಒಂದಿನ ಇವರೇ ಕೇಳಿದ್ರು, ‘ಈಚೀಚೆಗೆ ಗೆರೆ ಯಾಕೆ ಇಷ್ಟು ದಪ್ಪ ಎಳೀತಿದೀಯ?’ ಅಂತ. ನಾನು ಸುಣ್ಣ ನುಣ್ಣಗಿಲ್ಲ ಅಂದೆ. ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳ್ದೆ, ಸುಣ್ಣ ನುಣ್ಣಗೇ ಇದೆ ಅಂತ." ದಡದಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಳುವಲ್ಲ, ಮಬ್ಬು.

ಈ ನಿಲ್ಲುವ ಕೆಲಸ ಹುಟ್ಟಿದ್ದು ಒಂದು ಸಾವಿನಿಂದ. ಆಗ ಗುಂಡಿಗೆ ಇಳಿಯುತ್ತಿದ್ದವರು ಗಂಡ, ಅವರ ಅಣ್ಣ ಇಬ್ಬರೂ. ಅಣ್ಣ ಒಂದು ತುದಿಯಲ್ಲಿ, ತಮ್ಮ ಇನ್ನೊಂದು ತುದಿಯಲ್ಲಿ, ಮೇಲೆ ಯಾರೂ ಇಲ್ಲ. ಅಣ್ಣನ ಕಡೆಯ ಮಣ್ಣಿನ ಗೋಡೆ ಜಾರಿತು. "ನಮ್ಮ ಭಾವ ಪೂರ್ತಿ ಮುಚ್ಚಿಹೋಗಿರ್ಲಿಲ್ಲ. ಮಣ್ಣು ಎದೆ ಮಟ್ಟ ಅಷ್ಟೇ. ತಲೆ, ಕೈ ಎಲ್ಲಾ ಹೊರಗೇ ಇತ್ತು. ನೀರು ಕೇಳಿದ್ರಂತೆ. ಉಸಿರು ಬಿಟ್ಟಾಗ ಎದೆ ಸಣ್ಣದಾಗತ್ತಲ್ಲ, ಆ ಜಾಗಕ್ಕೆ ಮಣ್ಣು ಬಂದು ಕೂರತ್ತೆ. ಮತ್ತೆ ಎಳ್ಕೊಳ್ಳೋಕೆ ಬಿಡಲ್ಲ. ಇವರು ಬರಿಗೈಲಿ ಕೆದಕ್ತಾನೇ ಇದ್ರು." ಆಮೇಲೆ ಗಂಡ ಹಾರೆ ಮುಟ್ಟಲಿಲ್ಲ. ಬೇರೆ ಕೆಲಸ ಬರದು, ಮನೆಯಲ್ಲಿ ಮಾತಿಲ್ಲ. ಒಂದು ಬೆಳಿಗ್ಗೆ ದಡದಕ್ಕ ಬುತ್ತಿ ಕಟ್ಟಿ ಇಬ್ಬರ ಚಪ್ಪಲಿಯನ್ನೂ ಬಾಗಿಲಿಗೆ ತಂದಿಟ್ಟರು. "ನೀವು ಇಳೀರಿ. ನಾನು ನೋಡ್ತಿರ್ತೀನಿ."

ಕೂಗದೆ ಚಪ್ಪಾಳೆಯನ್ನೇಕೆ ಆರಿಸಿದರು? "ಮಾತಾದ್ರೆ ‘ಏನು?’ ಅಂತ ಕೇಳ್ಬೇಕು ಅನ್ಸತ್ತೆ. ಕೇಳೋ ಹೊತ್ತಿಗೆ ಮಣ್ಣು ಬಂದಿರತ್ತೆ." ಆ ಸದ್ದು ಹಗುರಾಗಬಾರದೆಂದು ಬೇರೆ ಯಾವುದಕ್ಕೂ ಅವರು ಚಪ್ಪಾಳೆ ತಟ್ಟುವುದಿಲ್ಲ. ಮೊಮ್ಮಗಳು ಶಾಲೆಯಲ್ಲಿ ಹಾಡಿದಾಗಲೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. "ಅಜ್ಜಿಗೆ ನನ್ನ ಹಾಡು ಹಿಡಿಸ್ಲಿಲ್ಲ ಅಂತ ಅವಳಿಗೆ ಮುನಿಸು. ತಾತ ನೋಡಿದ್ರೆ, ಜನ ಚಪ್ಪಾಳೆ ಹೊಡೆದ ತಕ್ಷಣ ಕುರ್ಚಿ ಬಿಟ್ಟು ಎದ್ದುಬಿಟ್ರು. ಹಿಂದಿನವರು ಕೂರ್ರೀ ಕೂರ್ರೀ ಅಂತಿದಾರೆ."

ಬಿಸಿಲು ಏರುವ ಮೊದಲೇ ನಾದಿನಿ ಎಡವಟ್ಟು ಮಾಡುತ್ತಾರೆ. ಯಾವುದೋ ಮದುವೆಯ ಕಥೆ ಹೇಳುತ್ತಿದ್ದವರು ಮೂಗಿನ ಮುಂದೆ ಹಾರಿದ ಸೊಳ್ಳೆಗೆ ಚಟ್ ಚಟ್ ಎಂದು ಎರಡು ಸಲ ಕೈ ಬಡಿಯುತ್ತಾರೆ. ಗುಂಡಿಯೊಳಗೆ ಸಲಿಕೆ ಬಿದ್ದ ಸದ್ದು. ಮರುಕ್ಷಣ ಅವರ ಅಣ್ಣ, ದಡದಕ್ಕನ ಗಂಡ, ಏಣಿಯ ತುದಿಯಲ್ಲಿ, ಮುಖ ಬಿಳಿಚಿಕೊಂಡು.

"ಸೊಳ್ಳೆ, ಅಣ್ಣಾ," ಎನ್ನುತ್ತಾರೆ ನಾದಿನಿ, ಕೇಳಿಸದಷ್ಟು ಮೆಲ್ಲಗೆ.

ಅಣ್ಣ ತಂಗಿಯ ಮುಖ ನೋಡುತ್ತಾರೆ. ಮತ್ತೆ ಇಳಿದು ಸಲಿಕೆ ಎತ್ತಿಕೊಳ್ಳುತ್ತಾರೆ.

"ಸೊಳ್ಳೆ ಕಚ್ಚಿದ್ರೆ ಕಚ್ಚಿಸ್ಕೋ," ಎನ್ನುತ್ತಾರೆ ದಡದಕ್ಕ.

"ರಕ್ತ ಹೀರತ್ತೆ ಅತ್ತಿಗೆ."

"ಹೀರ್ಲಿ. ನಿನ್ನ ಹತ್ರ ಬೇಕಾದಷ್ಟಿದೆ."

ಆಮೇಲೆ ರೇಡಿಯೊ ಬಾಯಿ ತೆರೆಯುವುದಿಲ್ಲ. ಅಂಗೈಗಳನ್ನು ಒಂದಕ್ಕೊಂದು ತಾಗದಂತೆ ಸೀರೆಯ ಮಡಿಕೆಯಲ್ಲಿ ಹುದುಗಿಸಿಕೊಂಡು ನಿಂತಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಬಿಗಿಯಾಗುತ್ತದೆ. ರಸ್ತೆಯ ಕಡೆ ಗುಂಡಿ ಆಳವಿರುವುದರಿಂದ ಮೊದಲೇ ಎರಡೂ ಪಕ್ಕಕ್ಕೆ ಹಲಗೆ ಕೊಟ್ಟು, ನಡುವೆ ಅಡ್ಡಕ್ಕೆ ಮರ ಬಿಗಿದಿದ್ದಾರೆ. ನಡುಭಾಗದಲ್ಲಿ ಹಳೆಯ ಪೈಪು ಕುಸಿದು ಕೂತಿತ್ತು. ಅದನ್ನು ಹುಡುಕಿಕೊಂಡು ಅಗೆದದ್ದು ಎದೆಯ ಮಟ್ಟ ಮೀರಿದೆ. ಅಲ್ಲಿ ಹಲಗೆಯಿಲ್ಲ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಮತ್ತೆ ಮೊದಲಿನ ಹಾಗೆ ಕಚ್ಚಿಕೊಳ್ಳುವುದಿಲ್ಲ ಎನ್ನುವುದು ಮೂವರಿಗೂ ಗೊತ್ತು. ಕೈಯಲ್ಲಿರುವ ಪೈಪು ಕೂಡಿಸಿ ಹಲಗೆ ಇಳಿಸುವುದೆಂದು ಮಾತಾಗಿದೆ.

ಮನೆಯೊಡತಿ ಹೊರಗೆ ಬರುತ್ತಾರೆ. ಮುರಿದ ಕಾಲಿಗೆ ಪಟ್ಟಿ ಹಾಕಿಸಿಕೊಂಡ ಅವರ ಅತ್ತೆ ನಿನ್ನೆಯಿಂದ ಪಕ್ಕದ ಮನೆಯ ಬಚ್ಚಲಿಗೆ ಹೋಗಬೇಕಾಗಿದೆ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಂಡು ಹೋಗಬೇಕು. "ಅವರು ನೀರು ಕುಡಿಯೋದನ್ನೇ ಬಿಟ್ಟಿದಾರೆ ಕಣಮ್ಮಾ. ಪದೇ ಪದೇ ಹೋಗ್ಬೇಕಾಗತ್ತೆ ಅಂತ ನಾಚಿಕೆ. ಇವತ್ತು ಮುಗಿಯತ್ತಾ?"

"ಮುಗಿಸ್ತಾರೆ," ಎನ್ನುತ್ತಾರೆ ದಡದಕ್ಕ, ಗೆರೆ ನೋಡುತ್ತ.

ಆಗ ನೀರಿನ ಟ್ಯಾಂಕರೊಂದು ಬೀದಿಯಲ್ಲಿ ಹಾದುಹೋಗುತ್ತದೆ. ನೆಲ ಸಣ್ಣಗೆ ಅದುರುತ್ತದೆ. ದಡದಕ್ಕ ಬಗ್ಗಿ ನೋಡುತ್ತಾರೆ. ಅವರ ಮುಖದಲ್ಲಿ ಬದಲಾವಣೆಯಿಲ್ಲ. ನಾದಿನಿ ಮಾತ್ರ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಗೆರೆಯ ಒಂದು ಡೊಂಕಿನಲ್ಲಿ, ನೂಲಿನಷ್ಟು ಅಗಲಕ್ಕೆ, ಬಿಳಿ ಹರಿದಿದೆ. ಕೈ ಮೇಲೇಳುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಸೊಳ್ಳೆಯ ಅವಮಾನ ಇನ್ನೂ ಹಸಿಯಾಗಿದೆ. ಅತ್ತಿಗೆಯ ಕಡೆ ನೋಡಬೇಕೆನ್ನಿಸುತ್ತದೆ, ನೋಡುವುದಿಲ್ಲ. ತಟ್ಟುತ್ತಾರೆ, ಎರಡು ಸಲ.

ಒಳಗೆ ಅಣ್ಣ ಪೈಪಿನ ತುದಿಗೆ ಅಂಟು ಬಳಿದು, ಇನ್ನೊಂದರ ಬಾಯಿಗೆ ಅರ್ಧ ನೂಕಿದ್ದಾರೆ. ಈಗ ಬಿಟ್ಟರೆ ಅಂಟು ಹಿಡಿದು ಪೈಪು ಕೆಡುತ್ತದೆ. ಬಿಡುತ್ತಾರೆ. ಏಣಿ ಹತ್ತಿ ದಡಕ್ಕೆ ಬರುತ್ತಾರೆ.

ಎಲ್ಲರೂ ಗುಂಡಿ ನೋಡುತ್ತ ನಿಂತಿದ್ದಾರೆ. ಏನೂ ಬೀಳುವುದಿಲ್ಲ. ಇನ್ನಷ್ಟು ಹೊತ್ತು ನಿಂತರೂ ಬೀಳುವುದಿಲ್ಲ. "ಏನೂ ಆಗ್ಲಿಲ್ವಲ್ಲ?" ಎನ್ನುತ್ತಾರೆ ಮನೆಯೊಡತಿ. ಅಣ್ಣ ಮೊಣಕಾಲೂರಿ, ಹರಿದ ಗೆರೆಯ ಮೇಲೆ ಬೆರಳಿಟ್ಟು ನೋಡುತ್ತಾರೆ. "ಉಗುರು ಒಳಗೆ ಹೋಗತ್ತೆ," ಎಂದಷ್ಟೇ ಹೇಳಿ ಹಲಗೆ ತರಲು ಏಳುತ್ತಾರೆ.

ದಡದಿಂದಲೇ ಹಲಗೆ ಇಳಿಬಿಟ್ಟು, ಅಡ್ಡಮರ ಬಿಗಿದು, ಕೆಟ್ಟ ಪೈಪು ಗರಗಸದಲ್ಲಿ ಕೊಯ್ದು ಬೇರೆ ಕೂಡಿಸುವ ಹೊತ್ತಿಗೆ ಬಿಸಿಲು ಎದುರು ಗೋಡೆಗೆ ಸರಿದಿದೆ. ನಾದಿನಿಯ ಕಣ್ಣು ತುಂಬಿದೆ. "ಬೀಳ್ಲೇ ಇಲ್ಲ ಅತ್ತಿಗೆ."

"ಬೀಳ್ಬೇಕಿತ್ತಾ?" ದಡದಕ್ಕ ಹೇಳುತ್ತಾರೆ, "ನಂಗೆ ಕಾಣಿಸ್ಲೇ ಇಲ್ಲ ಕಣೇ ಅದು."

ಬೆಳಿಗ್ಗೆ ಸೊಳ್ಳೆಗೆ ಮೋಸಹೋದವರು ಮಧ್ಯಾಹ್ನ ಅದೇ ಕೈಯನ್ನು ಹೇಗೆ ನಂಬಿದರು? ಅಣ್ಣನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. "ಸೊಳ್ಳೆಗೂ ಹತ್ತೋಣ, ಏನೀಗ? ಏಣಿ ಇರೋದೇ ಹತ್ತೋಕೆ."

ಸಂಜೆ ಕೊನೆಯ ಪೈಪು ಮನೆಯ ಗೋಡೆ ಸೇರುತ್ತದೆ. ಬಚ್ಚಲಲ್ಲಿ ಮನೆಯೊಡತಿ ಬಕೆಟ್ಟು ಬಕೆಟ್ಟು ನೀರು ಸುರಿಯುತ್ತಾರೆ. ರಸ್ತೆಯ ಮ್ಯಾನ್‌ಹೋಲಿನ ಬಳಿ ಅಣ್ಣ ತಲೆ ಬಗ್ಗಿಸಿ ಕಾಯುತ್ತಾರೆ. ಮೊದಲು ಗಾಳಿ, ಆಮೇಲೆ ಗುಳುಗುಳು, ಆಮೇಲೆ ತಡೆಯಿಲ್ಲದ ಧಾರೆ. ಜೋಡಣೆಗಳನ್ನು ಒಂದೊಂದಾಗಿ ಒಣಬಟ್ಟೆಯಿಂದ ಒರೆಸಿ ನೋಡಿ, ಪೈಪಿನ ಸುತ್ತ ಕೈಯಿಂದಲೇ ಮರಳು ತುಂಬಿ, ಮೇಲೆ ಪದರ ಪದರವಾಗಿ ಮಣ್ಣು ಹಾಕಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಾರೆ. ಮಣ್ಣು ಮೇಲೇರಿದಂತೆ ಹಲಗೆಗಳು ಒಂದೊಂದೇ ಹೊರಬರುತ್ತವೆ. ಒಳಮನೆಯಿಂದ ಮುದುಕಿಯ ದನಿ ಕೇಳುತ್ತದೆ: "ಒಂದು ಲೋಟ ನೀರು ಕೊಡೇ."

ಗುಂಡಿ ನೆಲದ ಮಟ್ಟಕ್ಕೆ ಬಂದ ಮೇಲೆಯೇ ದಡದಕ್ಕ ಮುಖ ತಿರುಗಿಸುತ್ತಾರೆ. ಬೆಳಗಿನಿಂದ ಪ್ರಶ್ನೆ ಕೇಳುತ್ತಿದ್ದ ನನ್ನನ್ನು ಮೊದಲ ಸಲ ನೋಡುತ್ತಾರೆ. "ಅಯ್ಯೋ, ಇಷ್ಟು ಚಿಕ್ಕೋಳಾ ನೀನು? ದನಿ ಕೇಳಿ ದೊಡ್ಡೋರು ಅಂದ್ಕೊಂಡಿದ್ದೆ."

ಕಣ್ಣು ಸರಿಹೋದ ಮೇಲೆ ಏನು ನೋಡಬೇಕೆಂದಿದ್ದೀರಿ ಎಂದು ಕೇಳಿದರೆ, ಮೊದಲು ಮೊಮ್ಮಗಳ ಮುಖ ಎನ್ನುತ್ತಾರೆ. ಆಮೇಲೆ ಸಲಿಕೆ ತೊಳೆಯುತ್ತಿರುವ ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"ಒಂದೇ ಒಂದು ದಿನ ನಾದಿನಿ ದಡ ನೋಡ್ಕೊಳ್ಳಲಿ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡ್ತೀನಿ. ಎಲ್ಲರೂ ಹೇಳ್ತಾರೆ, ನಿಮ್ಮ ಯಜಮಾನ್ರು ಪೈಪು ಕೂಡಿಸೋದು ನೋಡೋಕೆ ಚಂದ ಅಂತ. ಇಷ್ಟು ವರ್ಷ ಜತೇಲೇ ಇದೀನಿ, ನಾನೇ ನೋಡಿಲ್ಲ."